ಮೆಂಡೆಲ್ ಬಟಾಣಿಯೂ ನಮ್ಮ ಮೆಕ್ಕೆಜೋಳವೂ

ಮುಂಗಾರಿನ ಮೊದಲ ಹದಮಳೆ ಬಿದ್ದ ವಾರ ದಾವಣಗೆರೆಯ ಬೀಜ-ಗೊಬ್ಬರದ ಅಂಗಡಿಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಹೋದ ವರ್ಷ ಚೀಲಗಟ್ಟಲೆ ಮೆಕ್ಕೆಜೋಳ ಬೆಳೆದು ಎಪಿಎಂಸಿಗೆ ಹಾಕಿದ ರೈತರೇ ಈ ವರ್ಷ ಬಿತ್ತನೆಗೆಂದು ಮತ್ತೆ ದುಡ್ಡು ಕೊಟ್ಟು ಬೀಜದ ಪ್ಯಾಕೆಟ್ ಕೊಳ್ಳುತ್ತಾರೆ. ಅವರ ಅಜ್ಜಂದಿರು ಬಿಳಿಜೋಳವನ್ನಾಗಲಿ ರಾಗಿಯನ್ನಾಗಲಿ ಹಾಗೆ ಕೊಂಡವರಲ್ಲ. ಒಳ್ಳೆಯ ತೆನೆ ಆರಿಸಿ, ಬೂದಿ ಬೆರೆಸಿ ಎತ್ತಿಟ್ಟು, ಮುಂದಿನ ವರ್ಷ ಅದನ್ನೇ ಬಿತ್ತುತ್ತಿದ್ದರು. ಹೈಬ್ರಿಡ್ ಮೆಕ್ಕೆಜೋಳವನ್ನು ಹಾಗೆ ಎತ್ತಿಟ್ಟು ಬಿತ್ತಿದರೆ ಏನಾಗುತ್ತದೆಂದು ಒಮ್ಮೆ ಮಾಡಿ ನೋಡಿದವರಿಗೆ ಗೊತ್ತು. ಒಂದು ಗಿಡ ಆಳೆತ್ತರ, ಪಕ್ಕದ್ದು ಸೊಂಟದೆತ್ತರ. ಒಂದು ತೆನೆ ತುದಿತನಕ ತುಂಬಿದ್ದು, ಇನ್ನೊಂದು ಅರ್ಧಕ್ಕೇ ಕಾಳು ಕಟ್ಟಿ ನಿಂತಿದ್ದು.

ಯಾಕೆ ಹೀಗೆ ಎಂಬುದಕ್ಕೆ ತಳಿವಿಜ್ಞಾನದ ಯಾವ ಪುಸ್ತಕ ತೆರೆದರೂ ಮೊದಲ ಅಧ್ಯಾಯಗಳಲ್ಲೇ ಉತ್ತರ ಸಿಗುತ್ತದೆ. ಹರಿಹರ ತಾಲ್ಲೂಕಿನ ನಂದಿಗುಡಿ ಕಡೆಯಿಂದ ಬಸ್ ಹತ್ತಿ ದಾವಣಗೆರೆಗೆ ಬಿ.ಎಸ್ಸಿ. ಓದಲು ಬರುವ ಹುಡುಗಿ ಆ ಅಧ್ಯಾಯಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾಳೆ. ತನ್ನ ಅಪ್ಪ ತಂದ ಪ್ಯಾಕೆಟ್ಟಿನ ಕಥೆಯೇ ಅಲ್ಲಿದೆ ಎಂಬ ಸುಳಿವನ್ನು ಮಾತ್ರ ಪುಸ್ತಕ ಕೊಡುವುದಿಲ್ಲ. ಆ ಪುಸ್ತಕಗಳನ್ನು ಬರೆದವರು ತಮ್ಮ ಊರಿನ ಬಟಾಣಿ, ತಮ್ಮ ಪ್ರಯೋಗಾಲಯದ ನೊಣ, ತಮ್ಮ ರಾಜಮನೆತನಗಳ ವಂಶಾವಳಿ ಇಟ್ಟುಕೊಂಡು ಬರೆದರು. ನಾವು ಅವನ್ನು ನಮ್ಮ ಗದ್ದೆ, ನಮ್ಮ ಮನೆತನಗಳ ಪಕ್ಕದಲ್ಲಿಟ್ಟು ಓದಬೇಕು. ನನ್ನ ವಾದ ಇಷ್ಟೇ. ಆದರೆ ಹಾಗೆ ಓದಲು ಯಾವ ಪುಸ್ತಕ ಯಾವ ಕೆಲಸಕ್ಕೆ ಎಂದು ತಿಳಿದಿರಬೇಕು.

ಮೊದಲು ಆ ಪ್ಯಾಕೆಟ್. 1865ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಗ್ರೆಗೊರ್ ಮೆಂಡೆಲ್ ತಮ್ಮ ಬಟಾಣಿ ಲೆಕ್ಕವನ್ನು ಬ್ರುನ್ ಪಟ್ಟಣದ ಸಂಘವೊಂದರ ಮುಂದೆ ಓದಿದರು. ನುಣುಪು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಸಂಕರ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ನುಣುಪು. ಆ ಗಿಡಗಳ ಕಾಳು ಮತ್ತೆ ಎಣಿಸಿದಾಗ ಸಿಕ್ಕಿದ್ದು 5,474 ನುಣುಪು, 1,850 ಸುಕ್ಕು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಮೊದಲ ಪೀಳಿಗೆಯಲ್ಲಿ ಕಾಣದೆ ಹೋದ ಗುಣ ಎಲ್ಲೂ ಕರಗಿ ಹೋಗಿರಲಿಲ್ಲ. ಅಡಗಿತ್ತು, ಎರಡನೆಯ ಪೀಳಿಗೆಯಲ್ಲಿ ಬೇರ್ಪಟ್ಟು ಹೊರಬಂತು. ಮೆಕ್ಕೆಜೋಳದ ಹೈಬ್ರಿಡ್ ಬೀಜವೂ ಎರಡು ಶುದ್ಧ ಸಾಲುಗಳ ಮೊದಲ ಪೀಳಿಗೆ. ಬೀಜೋತ್ಪಾದನೆಯ ಹೊಲದಲ್ಲಿ ಹೆಣ್ಣು ಸಾಲಿನ ಗಿಡಗಳ ಸೂಲಂಗಿಯನ್ನು ಪರಾಗ ಉದುರುವ ಮುನ್ನವೇ ಕಿತ್ತು, ಪಕ್ಕದ ಗಂಡು ಸಾಲಿನ ಪರಾಗ ಮಾತ್ರ ಅದಕ್ಕೆ ತಾಕುವಂತೆ ಮಾಡುತ್ತಾರೆ. ಹಾಗೆ ಹುಟ್ಟಿದ ಗಿಡಗಳೆಲ್ಲ ಒಂದೇ ಅಚ್ಚು, ಒಂದೇ ಎತ್ತರ, ಒಂದೇ ಸಲಕ್ಕೆ ಕಟಾವು. ಅದರ ಕಾಳನ್ನು ಬಿತ್ತಿದರೆ ಅಪ್ಪ-ಅಮ್ಮನಿಂದ ಬಂದ ಬೇರೆ ಬೇರೆ ಜೋಡಿಗಳು ಮೆಂಡೆಲ್ ಹೇಳಿದಂತೆಯೇ ಬೇರ್ಪಡುತ್ತವೆ. ಮಿಶ್ರ ಜೋಡಿಗಳ ಪ್ರಮಾಣ ಒಂದೇ ಪೀಳಿಗೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅದರೊಂದಿಗೆ ಹೈಬ್ರಿಡ್ ಕಸುವೂ ಇಳಿಯುತ್ತದೆ. ಬೀಜ ಕಂಪನಿಗೆ ಪ್ರತಿ ಮುಂಗಾರಿಗೂ ಗಿರಾಕಿ ಸಿಗುವುದರ ಮೂಲ ಇಲ್ಲಿದೆ.

ಹತ್ತಿಯಲ್ಲೂ ಇದೇ ಪಾಠ ನಡೆದಿದೆ, ಅದೂ ನಮ್ಮ ರಾಜ್ಯದಲ್ಲೇ. ಧಾರವಾಡದ ಕೃಷಿ ವಿಜ್ಞಾನಿ ಬಿ.ಎಚ್. ಕಟರಕಿ ಅಮೆರಿಕದ ಕಡೆಯ ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ಕೊಟ್ಟ ‘ವರಲಕ್ಷ್ಮಿ’, ವಾಣಿಜ್ಯ ಬೇಸಾಯಕ್ಕೆ ಬಂದ ಮೊದಲ ಅಂತರ್ಜಾತಿ ಹೈಬ್ರಿಡ್ ಹತ್ತಿ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ತಳಿವಿಜ್ಞಾನದ ತರಗತಿಯಲ್ಲಿ ಈ ಹೆಸರು ಕೇಳಿಬರದಿದ್ದರೆ ಅದು ಪಠ್ಯಕ್ರಮದ ಕೊರತೆ ಎಂದೇ ನನ್ನ ಅಭಿಪ್ರಾಯ.

ಮೆಕ್ಕೆಜೋಳಕ್ಕೆ ಇನ್ನೊಂದು ದೊಡ್ಡ ಅಧ್ಯಾಯವಿದೆ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಚುಕ್ಕೆಚುಕ್ಕೆಯ ಕಾಳುಗಳನ್ನು ನೋಡುತ್ತ, ವರ್ಣತಂತುವಿನ ಕೆಲವು ತುಣುಕುಗಳು ಜಾಗ ಬಿಟ್ಟು ಜಾಗಕ್ಕೆ ಜಿಗಿಯುತ್ತವೆ ಎಂಬ ತೀರ್ಮಾನಕ್ಕೆ ಬಂದರು. ಜೀನುಗಳೆಂದರೆ ದಾರಕ್ಕೆ ಪೋಣಿಸಿದ ಮಣಿಗಳಂತೆ ಅಲುಗದೆ ಇರುವಂಥವು ಎಂದು ಎಲ್ಲರೂ ನಂಬಿದ್ದ ಕಾಲ ಅದು. ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ, ಆಗ ವಯಸ್ಸು 81. ಇದಕ್ಕೊಂದು ಸೊಗಸಾದ ಮುಂದುವರಿಕೆ ಇದೆ: ಮೆಂಡೆಲ್ ಬಟಾಣಿ ಯಾಕೆ ಸುಕ್ಕುಗಟ್ಟುತ್ತಿತ್ತು ಎಂಬುದನ್ನು 1990ರಲ್ಲಿ ಬ್ರಿಟನ್ನಿನ ಸಂಶೋಧಕರು ಬಿಡಿಸಿದರು. ಪಿಷ್ಟಕ್ಕೆ ಕವಲು ಕೂಡಿಸುವ ಕಿಣ್ವದ ಜೀನಿನೊಳಗೆ ಹೊರಗಿನ ಡಿಎನ್‌ಎ ತುಣುಕೊಂದು ಬಂದು ಕೂತಿತ್ತು. ಕಿಣ್ವ ಇಲ್ಲದ್ದರಿಂದ ಸಕ್ಕರೆ ಪಿಷ್ಟವಾಗದೆ ಉಳಿಯಿತು, ಸಕ್ಕರೆ ನೀರನ್ನು ಎಳೆದುಕೊಂಡಿತು, ಉಬ್ಬಿದ ಕಾಳು ಒಣಗುವಾಗ ಸಿಪ್ಪೆ ಸುಕ್ಕಾಯಿತು. ಒಳಗೆ ಹೊಕ್ಕಿದ್ದ ತುಣುಕು ಮೆಕ್ಲಿಂಟಾಕ್ ಕಂಡ ಜಿಗಿಯುವ ತುಣುಕುಗಳ ಜಾತಿಯನ್ನೇ ಹೋಲುತ್ತಿತ್ತು. ಮೆಂಡೆಲ್ ಬಟಾಣಿಯೊಳಗೆ ಮೆಕ್ಕೆಜೋಳದ ಪಾಠ ಮೊದಲೇ ಕೂತಿತ್ತು, ಓದಲು ನೂರಿಪ್ಪತ್ತೈದು ವರ್ಷ ಬೇಕಾಯಿತು.

ಕಾಲೇಜಿನಲ್ಲಿ ಮೆಂಡೆಲ್ ಅವರ ಮೂರಕ್ಕೆ ಒಂದರ ಲೆಕ್ಕವನ್ನು ಕಣ್ಣಿಗೆ ತೋರಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ರಸ್ತೆಬದಿ ಬೇಯಿಸಿ ಕೊಡುವ ಸ್ವೀಟ್ ಕಾರ್ನ್ ಸಿಹಿಯಾಗಿರುವುದೂ ಪಿಷ್ಟ ಕಟ್ಟುವ ಹಾದಿಯ ಒಂದು ಜೀನ್ ಕೆಟ್ಟಿರುವುದರಿಂದಲೇ. ಆ ಕಾಳು ಒಣಗಿದರೆ ಮುದುಡಿ ಸುಕ್ಕಾಗುತ್ತದೆ. ಸ್ವೀಟ್ ಕಾರ್ನ್ ಮತ್ತು ಮಾಮೂಲಿ ಮೆಕ್ಕೆಜೋಳಕ್ಕೆ ಸಂಕರ ಮಾಡಿ, ಆ ಬೀಜ ಬಿತ್ತಿ, ಹೂ ಬಿಡುವಾಗ ತೆನೆಗೂ ಸೂಲಂಗಿಗೂ ಕಾಗದದ ಚೀಲ ಕಟ್ಟಿ, ಅದೇ ಗಿಡದ ಪರಾಗವನ್ನು ಅದರ ರೇಷ್ಮೆಗೆ ಉದುರಿಸಿದರೆ ಸಾಕು. ಮೆಕ್ಕೆಜೋಳದ ಪ್ರತಿ ಕಾಳೂ ಬೇರೊಂದು ಮಗು. ಒಂದು ತೆನೆಯಲ್ಲಿ ನಾನೂರು ಕಾಳಿದ್ದರೆ ನಾನೂರು ಮಕ್ಕಳ ಸಂಸಾರ. ಸುಮಾರು ಮುನ್ನೂರು ದುಂಡಗೆ, ನೂರು ಸುಕ್ಕು. ತೊಂಬತ್ತು ಬಂದರೆ ತಪ್ಪೇ, ನೂರಹದಿನೈದು ಬಂದರೆ ತಪ್ಪೇ ಎಂದು ವಿದ್ಯಾರ್ಥಿ ಕೇಳಿದ ಕ್ಷಣದಿಂದ ಅಂಕಿಅಂಶದ ಅಧ್ಯಾಯಕ್ಕೆ ಅರ್ಥ ಬರುತ್ತದೆ.

ಇನ್ನು ಪುಸ್ತಕಗಳ ಮಾತು. ಈಗಿನ ಅಣು ಜೀವವಿಜ್ಞಾನದ ಪಠ್ಯಗಳಿಗೆ ಅಚ್ಚು ಹಾಕಿಕೊಟ್ಟದ್ದು ಜೇಮ್ಸ್ ವಾಟ್ಸನ್ 1965ರಲ್ಲಿ ಬರೆದ ‘ಮಾಲಿಕ್ಯುಲರ್ ಬಯಾಲಜಿ ಆಫ್ ದಿ ಜೀನ್’. ಡಿಎನ್‌ಎಯ ಜೋಡಿ ಸುರುಳಿ ಪ್ರಕಟವಾಗಿ ಆಗ ಹನ್ನೆರಡು ವರ್ಷ. ಆ ಪುಸ್ತಕದ ಉಪಶೀರ್ಷಿಕೆಗಳು ಬರೀ ಪದಗಳಾಗಿರಲಿಲ್ಲ, ಪೂರ್ಣ ವಾಕ್ಯಗಳಾಗಿದ್ದವು. ಅವನ್ನಷ್ಟೇ ಓದುತ್ತ ಹೋದರೆ ಅಧ್ಯಾಯದ ವಾದವೇ ಕೈಗೆ ಸಿಗುತ್ತಿತ್ತು. 1983ರಲ್ಲಿ ಬ್ರೂಸ್ ಆಲ್ಬರ್ಟ್ಸ್, ವಾಟ್ಸನ್ ಮತ್ತು ಸಂಗಡಿಗರ ‘ಮಾಲಿಕ್ಯುಲರ್ ಬಯಾಲಜಿ ಆಫ್ ದಿ ಸೆಲ್’ ಬಂತು. ಅದೇ ವರ್ಷ ಬೆಂಜಮಿನ್ ಲೆವಿನ್ನರ ‘ಜೀನ್ಸ್’. ಆಲ್ಬರ್ಟ್ಸ್ ಪುಸ್ತಕವನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಲಾಗದು, ರಜೆಯಲ್ಲಿ ಓದಬೇಕು. ಜೀವಕೋಶದೊಳಗೆ ಏನು ಎಲ್ಲಿ ನಡೆಯುತ್ತದೆ ಎಂಬುದನ್ನು ಅಷ್ಟು ಬಿಡಿಸಿ ಹೇಳುವ ಇನ್ನೊಂದು ಪುಸ್ತಕ ನನಗೆ ಗೊತ್ತಿಲ್ಲ. ಲೆಕ್ಕ ಬಿಡಿಸುತ್ತ ತಳಿವಿಜ್ಞಾನ ಕಲಿಯುವವರಿಗೆ ಗ್ರಿಫಿತ್ಸ್ ಮತ್ತು ಸಂಗಡಿಗರ ‘ಆ್ಯನ್ ಇಂಟ್ರೊಡಕ್ಷನ್ ಟು ಜೆನೆಟಿಕ್ ಅನಾಲಿಸಿಸ್’ ಸರಿಯಾದದ್ದು. ಅದರ ಅರ್ಧ ಜೀವ ಅಧ್ಯಾಯದ ಕೊನೆಯ ಲೆಕ್ಕಗಳಲ್ಲಿದೆ, ಅವನ್ನು ಬಿಟ್ಟವರು ಪುಸ್ತಕ ಓದಿದಂತಲ್ಲ.

ಆದರೆ ನಮ್ಮ ಹುಡುಗರ ಬ್ಯಾಗಿನಲ್ಲಿ ನಿಜವಾಗಿ ಇರುವುದು ಬೇರೆ. ಮೀರತ್ತಿನ ರಸ್ತೋಗಿ ಪ್ರಕಾಶನದ ಪಿ.ಕೆ. ಗುಪ್ತಾ, ಕಲ್ಯಾಣಿ ಪ್ರಕಾಶನದ ಬಿ.ಡಿ. ಸಿಂಗ್, ಎಸ್. ಚಾಂದ್‌ನ ವರ್ಮಾ-ಅಗರ್ವಾಲ್. ಇವುಗಳನ್ನು ಕೀಳಾಗಿ ಕಾಣುವ ಚಾಳಿ ದೊಡ್ಡ ಸಂಸ್ಥೆಗಳಲ್ಲಿದೆ, ನಾನು ಅದನ್ನು ಒಪ್ಪುವುದಿಲ್ಲ. ಜಿಲ್ಲಾ ಕೇಂದ್ರಗಳ ಕಾಲೇಜುಗಳಿಗೆ ಈ ವಿಜ್ಞಾನವನ್ನು ಕೈಗೆಟುಕುವ ಬೆಲೆಗೆ ತಂದವರು ಇವರೇ. ಗುಪ್ತಾ, ಸಿಂಗ್ ಇಬ್ಬರೂ ಬೆಳೆಗಳ ತಳಿವಿಜ್ಞಾನ ಬಲ್ಲವರು, ಹಾಗಾಗಿ ಗೋಧಿ, ಭತ್ತ ಅಲ್ಲಿ ಧಾರಾಳವಾಗಿ ಬರುತ್ತವೆ. ಕೊರತೆ ಇರುವುದು ಇನ್ನೊಂದು ಕಡೆ: ಇಂಥ ಪುಸ್ತಕಗಳಲ್ಲಿ ಬಹಳಷ್ಟು ಸಂಗತಿಗಳು ಗೊತ್ತಾದ ವಿಷಯಗಳ ಪಟ್ಟಿಯಾಗಿ ಬರುತ್ತವೆ, ಅದು ಹೇಗೆ ಗೊತ್ತಾಯಿತು, ಯಾವ ಪ್ರಯೋಗ ಅದನ್ನು ಸಾಧಿಸಿತು ಎಂಬುದು ಎರಡು ಸಾಲಿಗೆ ಮುಗಿಯುತ್ತದೆ. ಆ ಜಾಗದಲ್ಲಿ ಗ್ರಿಫಿತ್ಸ್ ಅಥವಾ ವಾಟ್ಸನ್ ತೆರೆದುಕೊಳ್ಳಬೇಕು. ಈ ಎರಡೂ ಬಗೆಯ ಪುಸ್ತಕ ಬಿಟ್ಟು ಬರೀ ಗೈಡ್ ಹಿಡಿದವರಿಗೆ ಈ ವಿಷಯದ ರುಚಿ ತಿಳಿಯುವುದೇ ಇಲ್ಲ.

ಗ್ರಂಥಾಲಯದ ಹಳೆಯ ಆವೃತ್ತಿಗಳ ಬಗ್ಗೆ ಒಂದು ಎಚ್ಚರಿಕೆ. 1990ರ ದಶಕದ ಪುಸ್ತಕದಲ್ಲಿ ಮನುಷ್ಯನಿಗೆ ಸುಮಾರು ಒಂದು ಲಕ್ಷ ಜೀನುಗಳಿವೆ ಎಂದು ಓದಬಹುದು. 2001ರಲ್ಲಿ ಮಾನವ ಜೀನೋಮಿನ ಕರಡು ಬಂದಾಗ ಅದು 30-40 ಸಾವಿರಕ್ಕೆ ಇಳಿಯಿತು. ಈಗ ಪ್ರೋಟೀನ್ ಮಾಡುವ ಜೀನುಗಳು ಸುಮಾರು 20 ಸಾವಿರ ಎನ್ನುತ್ತಾರೆ. 2012ಕ್ಕಿಂತ ಹಿಂದಿನ ಯಾವ ಪಠ್ಯದಲ್ಲೂ ಕ್ರಿಸ್ಪರ್ ಕತ್ತರಿಯಿಂದ ಜೀನ್ ತಿದ್ದುವ ವಿಧಾನ ಸಿಗದು. ಹಾಗೆಂದು ಹಳೆಯದನ್ನು ರದ್ದಿಗೆ ಹಾಕಬೇಕಿಲ್ಲ. ಮೆಂಡೆಲ್ ನಿಯಮ, ವರ್ಣತಂತುಗಳ ನಕ್ಷೆ, ಡಿಎನ್‌ಎ ತನ್ನ ಪ್ರತಿ ತಾನೇ ಮಾಡಿಕೊಳ್ಳುವುದನ್ನು 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ತೋರಿಸಿದ ಪ್ರಯೋಗ, ಇವನ್ನೆಲ್ಲ ನಲವತ್ತು ವರ್ಷ ಹಿಂದಿನ ಪುಸ್ತಕದಲ್ಲೂ ನಿಶ್ಚಿಂತೆಯಿಂದ ಓದಬಹುದು. ಜೀನೋಮ್, ಕ್ಯಾನ್ಸರ್, ಜೀನುಗಳ ನಿಯಂತ್ರಣದ ಅಧ್ಯಾಯಗಳಿಗೆ ಮಾತ್ರ ಪುಸ್ತಕದ ಇಸವಿ ನೋಡಿಯೇ ಕೂರಬೇಕು.

ಸಂಶೋಧನೆಗೆ ಇಳಿದವರಿಗೆ ಬೇಕಾಗುವುದು ಮತ್ತೊಂದು ಬಗೆಯ ಪುಸ್ತಕ. ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಬೇಸಿಗೆ ತರಬೇತಿಗೆಂದು ಬರೆದ ಟಿಪ್ಪಣಿಗಳು ಬೆಳೆದು 1982ರಲ್ಲಿ ‘ಮಾಲಿಕ್ಯುಲರ್ ಕ್ಲೋನಿಂಗ್’ ಎಂಬ ಕೈಪಿಡಿಯಾಯಿತು. ಬರೆದವರು ಮನಿಯಾಟಿಸ್, ಫ್ರಿಟ್ಶ್, ಸ್ಯಾಂಬ್ರೂಕ್. 1989ರ ಎರಡನೆಯ ಆವೃತ್ತಿಗೆ ಅದು ಮೂರು ಸಂಪುಟವಾಗಿತ್ತು. ಯಾವ ಲವಣ ಎಷ್ಟು ಗ್ರಾಂ, ಎಷ್ಟು ಹೊತ್ತು ಮಂಜುಗಡ್ಡೆಯಲ್ಲಿಡಬೇಕು, ಕೆಟ್ಟರೆ ಎಲ್ಲಿ ಕೆಟ್ಟಿರಬಹುದು, ಎಲ್ಲವೂ ಅಲ್ಲಿದೆ. ಅದರ ಹಲವು ವಿಧಾನಗಳ ಕೆಲಸವನ್ನು ಈಗ ಅಂಗಡಿಯಲ್ಲಿ ಸಿಗುವ ಕಿಟ್‌ಗಳು ಮಾಡುತ್ತವೆ. ಆದರೂ ಕಿಟ್ಟಿನ ಬಣ್ಣದ ಬಾಟಲಿಯೊಳಗೆ ಏನಿದೆ, ಅದು ಯಾಕಿದೆ ಎಂದು ತಿಳಿಯಲು ಸಂಶೋಧನೆಗೆ ಸೇರಿದ ವಿದ್ಯಾರ್ಥಿ ಒಮ್ಮೆಯಾದರೂ ಆ ಪುಟಗಳನ್ನು ತಿರುವಲೇಬೇಕು.

ಆ ಕೈಪಿಡಿಯ ವಿದ್ಯೆ ಭತ್ತದ ಗದ್ದೆಗೆ ಇಳಿದ ಒಂದು ಸಂಗತಿ ನಂದಿಗುಡಿ, ಮಲೇಬೆನ್ನೂರು ಕಡೆಯ ಓದುಗರಿಗೆ ಹತ್ತಿರವಾದೀತು. ಭದ್ರಾ ನಾಲೆಯ ನೀರಿನ ಭತ್ತಕ್ಕೆ ದುಂಡಾಣು ಅಂಗಮಾರಿ ಬಂದರೆ ಎಲೆಯ ಅಂಚು ತುದಿಯಿಂದ ಹಳದಿಯಾಗಿ ಒಣಗುತ್ತ ಕೆಳಗಿಳಿಯುತ್ತದೆ. ಇದಕ್ಕೆ ಸಿಂಪಡಿಸಿ ಗೆಲ್ಲುವಂಥ ಔಷಧವಿಲ್ಲ. ಆಂಧ್ರದ ಬಾಪಟ್ಲದಲ್ಲಿ ಹುಟ್ಟಿದ ಬಿಪಿಟಿ 5204 ಅಥವಾ ಸಾಂಬಾ ಮಸೂರಿ ಅನ್ನಕ್ಕೆ ಬಲು ಒಳ್ಳೆಯದು, ಈ ರೋಗಕ್ಕೆ ಬಲು ಬೇಗ ಬಲಿ. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಈ ತಳಿಗೆ ಮೂರು ನಿರೋಧಕ ಜೀನುಗಳನ್ನು ಸೇರಿಸಿದರು. ಅವುಗಳಲ್ಲಿ ಒಂದಾದ ಎಕ್ಸ್‌ಎ21 ಆಫ್ರಿಕಾದ ಮಾಲಿ ದೇಶದ ಕಾಡುಭತ್ತದಿಂದ ಬಂದದ್ದು, ಪ್ರಬಲ ಗುಣ. ಉಳಿದೆರಡು ದುರ್ಬಲ ಗುಣಗಳು. ಇಲ್ಲೇ ಪಠ್ಯದ ಪಾಠ ಕೆಲಸಕ್ಕೆ ಬರುವುದು. ದುರ್ಬಲ ಜೀನ್ ಒಂಟಿಯಾಗಿದ್ದಾಗ ಗಿಡದಲ್ಲಿ ಕಾಣುವುದಿಲ್ಲ. ರೋಗ ತಗುಲಿಸಿ ನೋಡಿದರೂ ಅದು ಇದೆಯೋ ಇಲ್ಲವೋ ತಿಳಿಯದು. ಹಾಗಾಗಿ ಪೀಳಿಗೆ ಪೀಳಿಗೆಗೂ ಸಸಿಯ ಎಲೆಯ ಚೂರು ಅರೆದು, ಡಿಎನ್‌ಎ ತೆಗೆದು, ಪಿಸಿಆರ್‌ನಲ್ಲಿ ಆ ಜೀನಿನ ಗುರುತನ್ನು ಹಿಗ್ಗಿಸಿ, ಜೆಲ್ ಮೇಲೆ ಪಟ್ಟೆ ಎಲ್ಲಿ ನಿಂತಿದೆ ಎಂದು ನೋಡಿ, ಬೇಕಾದ ಸಸಿಯನ್ನಷ್ಟೇ ಮತ್ತೆ ಸಾಂಬಾ ಮಸೂರಿಗೆ ಕೂಡಿಸಬೇಕಾಯಿತು. ಹೀಗೆ ರೂಪುಗೊಂಡ ‘ಇಂಪ್ರೂವ್ಡ್ ಸಾಂಬಾ ಮಸೂರಿ’ಯಲ್ಲಿ ಹೊರಗಿನಿಂದ ಯಂತ್ರದಲ್ಲಿ ತೂರಿಸಿದ ಜೀನ್ ಒಂದೂ ಇಲ್ಲ. ಅದು ಪರಾಗದಿಂದಲೇ ಆದ ಸಂಕರ, ಆಯ್ಕೆ ಮಾತ್ರ ಡಿಎನ್‌ಎ ನೋಡಿ ನಡೆದದ್ದು. ಕುಲಾಂತರಿ ಎಂದೊಡನೆ ಜಗಳಕ್ಕೆ ನಿಲ್ಲುವವರೂ ಅದನ್ನು ಸಮರ್ಥಿಸುವವರೂ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದರೆ ಚರ್ಚೆ ಎಷ್ಟೋ ಹಗುರಾದೀತು.

ಪುಸ್ತಕ ಸಿಗುವುದು ಹೇಗೆ? ದಾವಣಗೆರೆಯಲ್ಲಿ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಶುರುವಾಯಿತು, ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ಕೈಗೆ ಹೋಯಿತು, 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಕಾಲೇಜು ಗ್ರಂಥಾಲಯದಲ್ಲಿ ಒಂದೇ ಪ್ರತಿ ಇರುವ ದಪ್ಪ ಪುಸ್ತಕಕ್ಕೆ ಸರದಿ ಕಾಯುವುದು ಎಲ್ಲ ಕಡೆಯ ಪಾಡು. ಇದಕ್ಕೆ ಅಮೆರಿಕ ಸರ್ಕಾರದ ಎನ್‌ಸಿಬಿಐ ನಡೆಸುವ ‘ಬುಕ್‌ಶೆಲ್ಫ್’ ದೊಡ್ಡ ಉತ್ತರ. ಆಲ್ಬರ್ಟ್ಸ್ ಪುಸ್ತಕದ ನಾಲ್ಕನೆಯ ಆವೃತ್ತಿ, ಗ್ರಿಫಿತ್ಸ್, ಸ್ಟ್ರಾಚನ್ ಮತ್ತು ರೀಡ್ ಅವರ ‘ಹ್ಯೂಮನ್ ಮಾಲಿಕ್ಯುಲರ್ ಜೆನೆಟಿಕ್ಸ್’ನ ಹಳೆಯ ಆವೃತ್ತಿಗಳು ಅಲ್ಲಿ ಉಚಿತ, ವಿಷಯದ ಹೆಸರು ಹಾಕಿ ಹುಡುಕಿದರೆ ಆ ಪುಟಕ್ಕೇ ಹೋಗಬಹುದು. ಸಂಶೋಧನಾ ಪತ್ರಿಕೆಗಳಿಗೆ 2025ರ ಜನವರಿಯಿಂದ ಕೇಂದ್ರದ ‘ಒಂದು ದೇಶ, ಒಂದು ಚಂದಾ’ ಯೋಜನೆ ಇದೆ: 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಬೆಂಗಳೂರಿನ ದೊಡ್ಡ ಸಂಸ್ಥೆಯ ವಿದ್ಯಾರ್ಥಿಗೆ ಸಿಗುವ ಪ್ರಬಂಧ ಈಗ ಜಿಲ್ಲೆಯ ವಿದ್ಯಾರ್ಥಿಗೂ ಸಿಗುವಂತಾಗಿದ್ದು ಸಣ್ಣ ಮಾತಲ್ಲ.

ಆದರೆ ಇವೆಲ್ಲ ಇಂಗ್ಲಿಷಿನಲ್ಲಿವೆ. ಹತ್ತನೆಯ ತರಗತಿಯಲ್ಲಿ ಅನುವಂಶೀಯತೆಯ ಪಾಠವನ್ನು ಕನ್ನಡದಲ್ಲಿ ಚೆನ್ನಾಗಿ ಓದಿದ ಮಗು ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟೊಡನೆ ಅದೇ ಪಾಠ ಅಪರಿಚಿತವಾಗುತ್ತದೆ. ಬುದ್ಧಿ ವಿಷಯದ ಮೇಲೆ ನಿಲ್ಲದೆ ಭಾಷೆಯ ಜೊತೆ ಗುದ್ದಾಡುತ್ತದೆ. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದ ಭಾಷೆ ನಮ್ಮದು. ಸಸ್ಯವಿಜ್ಞಾನದ ಪ್ರಾಧ್ಯಾಪಕ ಬಿ.ಜಿ.ಎಲ್. ಸ್ವಾಮಿಯವರು ಕಾಡಿನ ಗಿಡಗಳ ಬಗ್ಗೆ ಬರೆದ ‘ಹಸುರು ಹೊನ್ನು’ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪದವಿ ಮಟ್ಟದ ತಳಿವಿಜ್ಞಾನವನ್ನು ನಮ್ಮ ಬೆಳೆ, ನಮ್ಮ ಲೆಕ್ಕಗಳೊಂದಿಗೆ ಕನ್ನಡದಲ್ಲಿ ಬರೆಯುವುದು ಈ ಭಾಷೆಗೆ ಮೀರಿದ ಕೆಲಸವಲ್ಲ. ಮಾಡಬೇಕಾದವರು ನಮ್ಮ ಪ್ರಾಧ್ಯಾಪಕರು, ಹಣ ಹಾಕಬೇಕಾದದ್ದು ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು.

ಅಂಥ ಪುಸ್ತಕ ಬಂದರೆ ಅದರ ಮಾನವ ತಳಿವಿಜ್ಞಾನದ ಅಧ್ಯಾಯ ಹೊರಗಿನ ಪುಸ್ತಕಗಳಿಗಿಂತ ಬೇರೆಯಾಗಲೇಬೇಕು. ಪಾಶ್ಚಾತ್ಯ ಪಠ್ಯಗಳಲ್ಲಿ ರಕ್ತಸಂಬಂಧದ ಮದುವೆಯ ಲೆಕ್ಕ ಸಾಮಾನ್ಯವಾಗಿ ಅಣ್ಣ-ತಂಗಿಯರ ಮಕ್ಕಳ ಮದುವೆಯಿಂದ ಶುರುವಾಗುತ್ತದೆ. ಹುಟ್ಟುವ ಮಗುವಿನಲ್ಲಿ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ 16ರಲ್ಲಿ 1. ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ವಾಡಿಕೆ ಉಂಟು, ಅಲ್ಲಿ ಅದು 8ರಲ್ಲಿ 1. ಇದು ಬರೀ ಕಾಗದದ ಲೆಕ್ಕವಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಬ್ರಿಟನ್ನಿನ ತಳಿವಿಜ್ಞಾನಿ ಅಲನ್ ಬಿಟಲ್ಸ್ ಜೊತೆಗೂಡಿ ಕರ್ನಾಟಕದ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲಗಳ ಏರುಪೇರು ಹುಡುಕುವ ದೊಡ್ಡ ತಪಾಸಣೆ ನಡೆಸಿದರು. ಅದೇ ಕೆಲಸದಿಂದ ಬಂದ ಅಂಕಿಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮದುವೆಗಳು ಸಂಬಂಧಿಕರೊಳಗೇ ಆಗಿದ್ದವು. ಬಹಳಷ್ಟು ಇಂಥ ಮದುವೆಗಳಲ್ಲಿ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಆದರೆ ಎರಡೂ ಕಡೆಯಿಂದ ಒಂದೇ ದುರ್ಬಲ ದೋಷ ಕೂಡಿಬರುವ ಸಂಭವ ಹೆಚ್ಚು ಎಂಬುದನ್ನು ಯಾರನ್ನೂ ನೋಯಿಸದೆ ಹೇಳಿಕೊಡುವ ಪಠ್ಯ ನಮ್ಮ ತರಗತಿಗಳಿಗೆ ಬೇಕು.

ಇನ್ನೊಂದು ಪಾಠ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯದು. 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿಯ ನೋವು ಶುರುವಾಗಿ ನಡೆಯಲಾರದೆ ಕೂರುವವರು ಕಾಣತೊಡಗಿದರು; ಕೆಲವರು ಗಿಡ್ಡವಾಗಿಯೇ ಉಳಿದರು. ಮೊದಲು ಸಂಶಯ ಹೋದದ್ದು ಕೀಟನಾಶಕ ಬಿದ್ದ ಗದ್ದೆಯ ಏಡಿಗಳನ್ನು ತಿಂದದ್ದರ ಮೇಲೆ. ಆಮೇಲೆ ವೈದ್ಯರು ಮನೆಮನೆಗೆ ಹೋಗಿ ವಂಶಾವಳಿ ಬರೆದುಕೊಂಡರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಕಪ್ಪು ತುಂಬಿದ ಗುರುತು. ಹಾಗೆ ಬರೆದಾಗ ಕಪ್ಪು ಗುರುತು ಪೀಳಿಗೆ ತಪ್ಪದೆ ಇಳಿಯುತ್ತಿತ್ತು, ಗಂಡು-ಹೆಣ್ಣು ಇಬ್ಬರಲ್ಲೂ ಇತ್ತು, ಕಾಯಿಲೆಯ ತಂದೆಯಿಂದ ಮಗನಿಗೂ ಬರುತ್ತಿತ್ತು. ಪಠ್ಯ ಬಲ್ಲವರಿಗೆ ಈ ಚಿತ್ರ ಕಂಡರೆ ಸಾಕು: ಲಿಂಗ ವರ್ಣತಂತುವಿನದಲ್ಲದ, ಒಂದೇ ಪ್ರತಿ ಬಂದರೂ ಸಾಕಾಗುವ ಪ್ರಬಲ ದೋಷ. ಲಖನೌದ ಎಸ್.ಎಸ್. ಅಗರ್ವಾಲ್ ಮತ್ತು ಸಂಗಡಿಗರು ಎಕ್ಸ್-ರೇಗಳೊಂದಿಗೆ 1994ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ದಶಕಗಳ ಕಾಲ ತಮ್ಮ ಊಟದ ಮೇಲೆ ಅಪವಾದ ಹೊತ್ತಿದ್ದ ಕುಟುಂಬಗಳಿಗೆ ಇದು ಔಷಧವಾಗಲಿಲ್ಲ, ನಿಜ. ಆದರೆ ಮಗುವಿಗೆ ಬರುವ ಸಂಭವ ಎಷ್ಟು ಎಂದು ಕೇಳುವ ದಂಪತಿಗೆ ಅರ್ಧದಷ್ಟು ಎಂದು ತಿಳಿಸಿ, ಮುಂದಿನ ದಾರಿ ಮಾತಾಡಲು ಅವಕಾಶ ಕೊಟ್ಟಿತು.

ಮನುಷ್ಯರ ಆನುವಂಶಿಕ ಕಾಯಿಲೆಗಳನ್ನೆಲ್ಲ ದಾಖಲಿಸುವ ಒಂದು ಮಹಾಗ್ರಂಥವಿದೆ. ವಿಕ್ಟರ್ ಮ್ಯಾಕ್‌ಕ್ಯೂಸಿಕ್ 1966ರಲ್ಲಿ ಶುರುಮಾಡಿದ್ದು, ಈಗ ಒಎಂಐಎಂ ಎಂಬ ಹೆಸರಲ್ಲಿ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಅದರಲ್ಲಿ ಹಂದಿಗೋಡಿನ ಹೆಸರಿನ ಒಂದು ಪುಟವಿದೆ. ದಾವಣಗೆರೆಯಲ್ಲಿ ವೈದ್ಯಕೀಯ ಓದುವವರು, ಸೂಕ್ಷ್ಮಜೀವವಿಜ್ಞಾನ ಇಲ್ಲವೇ ಜೀವರಸಾಯನವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವವರು ಮೊದಲು ತೆರೆಯಬೇಕಾದ ಪುಟ ಅದು. ಸಾಗರದ ಕಡೆಯಿಂದ ಕುಂಟುತ್ತ ಬಂದ ರೋಗಿಯೊಬ್ಬರು ನಾಳೆ ಅವರ ಹೊರರೋಗಿ ವಿಭಾಗದಲ್ಲೇ ಕೂತಿರಬಹುದು, ಆಗ ಎಕ್ಸ್-ರೇಗೆ ಕಳಿಸುವ ಮೊದಲು ಅವರ ತಂದೆ-ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿಯರ ಬಗ್ಗೆ ಕೇಳಿ ಬರೆದುಕೊಳ್ಳುವ ಅಭ್ಯಾಸ ಇರಬೇಕು.